ಸಹಾಯ ಬೇಕು: ಸ್ವೀಡಿಷ್ ಬಲ್ಲವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. 1931ರ ಸ್ವೀಡಿಷ್ ಚಿತ್ರ ‘ಎನ್ ನಾಟ್’ (ಒಂದು ರಾತ್ರಿ) ನೋಡಿದೆ. ನಿರ್ದೇಶಕ ಗುಸ್ತಾಫ್ ಮೊಲಾಂಡರ್. ಅಲ್ಲಿ ಟಾಕಿ ಇನ್ನೂ ಹೊಸತಾಗಿದ್ದ ಕಾಲ. 1918ರಲ್ಲಿ ಫಿನ್ಲೆಂಡಿನಲ್ಲಿ ಕೆಂಪು ಪಡೆ, ಬಿಳಿ ಪಡೆ ಅಂತ ದೇಶವೇ ಎರಡಾಗಿ ಹೊಡೆದಾಡಿತಲ್ಲ, ಅದರ ನಡುವೆ ಒಂದೇ ಮನೆಯ ಅಣ್ಣ ತಮ್ಮ ಎದುರುಬದುರಾಗುವ ಕಥೆ. ಮೊಲಾಂಡರ್ ಹುಟ್ಟಿದ್ದೂ ಹೆಲ್ಸಿಂಕಿಯಲ್ಲೇ. ಅದು ಗೊತ್ತಾದ ಮೇಲೆ ಚಿತ್ರ ಇನ್ನಷ್ಟು ಕಾಡುತ್ತಿದೆ.

ನನ್ನ ಹತ್ತಿರ ಇರುವ ಪ್ರತಿಯಲ್ಲಿ ಸಬ್‌ಟೈಟಲ್ ಇಲ್ಲ. ತಾಯಿಯ ಪಾತ್ರದ ಗೆರ್ಡಾ ಲುಂಡೆಕ್ವಿಸ್ಟ್ ಅವರ ಮುಖ ನೋಡಿಯೇ ಅರ್ಧ ಅರ್ಥವಾಗುತ್ತೆ, ಮಾತು ಮಾತ್ರ ದಕ್ಕುತ್ತಿಲ್ಲ. ಹಿಂದಕ್ಕೆ ತಿರುಗಿಸಿ ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಎರಡೇ ಪದ: ‘ಮೂರ್’ ಅಂದರೆ ಅಮ್ಮ, ‘ಬ್ರೂರ್’ ಅಂದರೆ ಒಡಹುಟ್ಟಿದವನು.

ಮುಂದಿನ ತಿಂಗಳು ಗೆಳೆಯರೊಂದಿಗೆ ಇದನ್ನು ನೋಡಬೇಕು, ಕನ್ನಡದಲ್ಲೇ ಸಬ್‌ಟೈಟಲ್ ಹಾಕಬೇಕು ಅಂತ ತುಂಬಾ ಆಸೆ. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಕಡೆ ಇರುವ ಕನ್ನಡಿಗರೇ, ದಯವಿಟ್ಟು ನೋಡಿ. ಪೂರ್ತಿ ಚಿತ್ರ ಬೇಡ. ತಾಯಿ ಮಕ್ಕಳ ದೃಶ್ಯಗಳನ್ನಷ್ಟೇ ಕೇಳಿ, ಸರಳ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು. ಟೈಪ್ ಮಾಡಿ, ಸಮಯಕ್ಕೆ ಹೊಂದಿಸುವ ಕೆಲಸ ನಾನು ಮಾಡಿಕೊಳ್ತೀನಿ. ಇಂಗ್ಲಿಷ್ ಸಬ್‌ಟೈಟಲ್ ಫೈಲ್ ಯಾರ ಬಳಿಯಾದರೂ ಇದ್ದರೆ ಅದನ್ನೂ ತಿಳಿಸಿ.