ಅಪ್ಪ ಅಮ್ಮನ ಜೊತೆ ಕ್ಯಾರವಾನ್‌ನಲ್ಲಿ ಕೂನವಾರಾಗೆ: ಹೋಗಿ ಬಂದವರು ಹೇಳಿ

ಪ್ರಶ್ನೆ, ಮೆಲ್ಬರ್ನ್‌ನಿಂದ

ಏಪ್ರಿಲ್ ರಜೆಯಲ್ಲಿ ಕಾರಿನ ಹಿಂದೆ ಬಾಡಿಗೆ ಕ್ಯಾರವಾನ್ (ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಡಿ) ಎಳೆದುಕೊಂಡು ಗ್ರಾಂಪಿಯನ್ಸ್ ಬೆಟ್ಟಗಳ ಮೂಲಕ ಸೌತ್ ಆಸ್ಟ್ರೇಲಿಯಾದ ವೈನ್ ಊರು ಕೂನವಾರಾ ತನಕ ಹೋಗಬೇಕು ಅಂತಿದ್ದೇವೆ. ಒಂಬತ್ತು ದಿನ ಇದೆ. ಮಂಡ್ಯದಿಂದ ಅಪ್ಪ ಅಮ್ಮ ಬಂದಿದ್ದಾರೆ. ಇಬ್ಬರೂ ಸಸ್ಯಾಹಾರಿಗಳು, ವೈನ್ ಮುಟ್ಟುವುದಿಲ್ಲ. ಅವರಿಗೆ ಬೇಸರ ಆಗುತ್ತದಾ? ನಾನು ಕ್ಯಾರವಾನ್ ಎಳೆದವನೂ ಅಲ್ಲ.

ಜಿಲಾಂಗ್‌ನಿಂದ ಒಬ್ಬರು

ಖಂಡಿತ ಕರೆದುಕೊಂಡು ಹೋಗಿ. ನಮ್ಮ ಮಾವನವರೂ ವೈನ್ ಕುಡಿಯುವವರಲ್ಲ. ಆದರೆ ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದವರು. ಕೂನವಾರಾದಲ್ಲಿ ಅವರನ್ನು ತೋಟದಿಂದ ಹೊರಡಿಸುವುದೇ ಕಷ್ಟವಾಯಿತು. "ಚಪ್ಪರವೇ ಇಲ್ಲವಲ್ಲ!" ಅನ್ನುವುದು ಅವರ ಮೊದಲ ಮಾತು. ಇಲ್ಲಿ ಬಳ್ಳಿಯನ್ನು ಸೊಂಟದೆತ್ತರದ ತಂತಿಗೆ ಹಬ್ಬಿಸಿ ಬೇಲಿಯ ಹಾಗೆ ಸಾಲು ಬಿಡುತ್ತಾರೆ. ಸಾಲಿನ ಮೇಲೇ ಯಂತ್ರ ಓಡಿಸಿ ಕೊಯ್ಯುತ್ತಾರೆ.

ಅಲ್ಲಿನ ಮಣ್ಣು ನೋಡಬೇಕು. ನಮ್ಮ ಕೆಮ್ಮಣ್ಣಿನದೇ ಬಣ್ಣ. ಟೆರ್ರಾ ರೋಸಾ ಅಂತಾರೆ. ಕೆಳಗೆ ಸುಣ್ಣದ ಕಲ್ಲು. ಸುಮಾರು 15 ಕಿಲೋಮೀಟರ್ ಉದ್ದ, ಅಗಲ ಒಂದೆರಡು ಕಿಲೋಮೀಟರ್, ಅಷ್ಟೇ ಆ ಪಟ್ಟಿ. ಪಕ್ಕಕ್ಕೆ ಸರಿದರೆ ಕಪ್ಪು ಮಣ್ಣು. ಊರಿಗೆ ಹೆಸರು ತಂದ ಕ್ಯಾಬರ್ನೆ ಸಾವಿನ್ಯೊನ್ ಅನ್ನುವ ವೈನ್ ದ್ರಾಕ್ಷಿ ಬೆಳೆಯುವುದು ಆ ಕೆಂಪು ಪಟ್ಟಿಯಲ್ಲೇ. ಮಾವನವರು ಇದನ್ನು ಯಾರೂ ಹೇಳುವ ಮೊದಲೇ ಕಂಡುಕೊಂಡರು.

ಒಂದು ಮಾತು ಮರೆಯಬೇಡಿ. ಕೇಳದೆ ಬಳ್ಳಿಗಳ ನಡುವೆ ಕಾಲಿಡಬಾರದು. ಬೇರು ತಿನ್ನುವ ಫಿಲಾಕ್ಸೆರಾ ಹುಳ ವಿಕ್ಟೋರಿಯಾದ ಕೆಲವು ಕಡೆ ಇದೆ, ಸೌತ್ ಆಸ್ಟ್ರೇಲಿಯಾಗೆ ಇನ್ನೂ ಬಂದಿಲ್ಲ. ಚಪ್ಪಲಿಗೆ ಅಂಟಿದ ಮಣ್ಣಿನಲ್ಲೂ ಅದು ಬರಬಹುದು. ಸೆಲ್ಲರ್ ಡೋರ್‌ನಲ್ಲಿ, ಅಂದರೆ ತೋಟದವರೇ ವೈನ್ ರುಚಿ ನೋಡಲು ಕೊಡುವ ಜಾಗದಲ್ಲಿ, ಮೊದಲು ಕೇಳಿ. ನಮಗಂತೂ ಬಿಡುವಿದ್ದವರು ತಾವೇ ಬಂದು ತೋರಿಸಿದರು.

ದಾರಿ ಹೀಗಿರಲಿ: ಬಲ್ಲರಾಟ್, ಗ್ರೇಟ್ ವೆಸ್ಟರ್ನ್, ಹಾಲ್ಸ್ ಗ್ಯಾಪ್, ಹ್ಯಾಮಿಲ್ಟನ್, ಕ್ಯಾಸ್ಟರ್ಟನ್, ಪೆನೋಲಾ. ಕೂನವಾರಾ ಇರುವುದು ಪೆನೋಲಾದ ಪಕ್ಕದಲ್ಲೇ. ಗ್ರೇಟ್ ವೆಸ್ಟರ್ನ್ ಬರೀ ಒಂದು ಬೀದಿಯ ಊರು. ಅಲ್ಲಿನ ಬೆಸ್ಟ್ಸ್ ತೋಟದಲ್ಲಿ 1868ರಲ್ಲಿ ನೆಟ್ಟ ಬಳ್ಳಿಗಳು ಈಗಲೂ ಇವೆ. ಗ್ರಾಂಪಿಯನ್ಸ್‌ನ ಹಾಲ್ಸ್ ಗ್ಯಾಪ್‌ನಲ್ಲಿ ಸಂಜೆ ಕಾಂಗರೂಗಳು ಆಟದ ಮೈದಾನಕ್ಕೆ ಬಂದು ಮೇಯುತ್ತವೆ. ಅಮ್ಮನಿಗೆ ಕುರ್ಚಿ ಹಾಕಿಕೊಡಿ, ಸಾಕು. ಹಾಲ್ಸ್ ಗ್ಯಾಪ್ ಮೂರು ರಾತ್ರಿ, ಪೆನೋಲಾ ಮೂರು ರಾತ್ರಿ. ಅಡಿಲೇಡ್ ಆಚೆಯ ವೈನ್ ಪ್ರದೇಶ ಬರೊಸ್ಸಾವನ್ನೂ ಸೇರಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಒಂಬತ್ತು ದಿನದಲ್ಲಿ ಅದು ಬರೀ ರಸ್ತೆ ಆಗುತ್ತದೆ.

ಪೆನೋಲಾದಲ್ಲಿ ಮೇರಿ ಮ್ಯಾಕಿಲಪ್ 1866ರಲ್ಲಿ ಬಡಮಕ್ಕಳಿಗಾಗಿ ಶಾಲೆ ಶುರು ಮಾಡಿದರು. 2010ರಲ್ಲಿ ಕ್ಯಾಥೊಲಿಕ್ ಚರ್ಚ್ ಅವರನ್ನು ಆಸ್ಟ್ರೇಲಿಯಾದ ಮೊದಲ ಸಂತರೆಂದು ಘೋಷಿಸಿತು. ಅಲ್ಲಿಂದ ಮೌಂಟ್ ಗ್ಯಾಂಬಿಯರ್ ಸುಮಾರು 50 ಕಿಲೋಮೀಟರ್. ಅಲ್ಲಿನ ಬ್ಲೂ ಲೇಕ್ ಗಾಢ ನೀಲಿ ಆಗುವುದು ಬೇಸಿಗೆಯಲ್ಲಿ. ಏಪ್ರಿಲ್‌ನಲ್ಲಿ ಬಣ್ಣ ಇಳಿಯುತ್ತಿರುತ್ತದೆ, ಅದೊಂದಕ್ಕೇ ಅಂತ ಹೋಗಬೇಡಿ.

ಬಲ್ಲರಾಟ್‌ನಿಂದ ಒಬ್ಬರು

ಎಳೆಯುವ ವಿಷಯ ನಾನು ಹೇಳುತ್ತೇನೆ. ನಮ್ಮ ಮೊದಲ ಪ್ರವಾಸದಲ್ಲಿ ಅಕ್ಕಿ, ಬೇಳೆ, ನೀರಿನ ಕ್ಯಾನ್ ಎಲ್ಲ ಕ್ಯಾರವಾನ್‌ನ ಹಿಂಬದಿಗೆ ತುಂಬಿದ್ದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದು ಹೋದಾಗ ಕ್ಯಾರವಾನ್ ಹಾವಿನ ಹಾಗೆ ಓಲಾಡಿತು. ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿದ್ದರು. ಆ ಭಯ ಇನ್ನೂ ಹೋಗಿಲ್ಲ.

ಭಾರದ ಸಾಮಾನು ಕೆಳಗೆ, ಚಕ್ರದ ಅಚ್ಚಿನ ಹತ್ತಿರ ಇಡಿ. ಕಾರಿನ ಕೊಂಡಿಯ ಮೇಲೆ ಕ್ಯಾರವಾನ್ ತೂಕದ ಸುಮಾರು ಹತ್ತನೇ ಒಂದು ಭಾಗ ಬೀಳಬೇಕು, ಕಾರು ಅದನ್ನು ತಡೆಯುತ್ತದಾ ನೋಡಿ. ಓಲಾಡಿದರೆ ಕಾರಿನ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಕ್ಯಾರವಾನ್‌ನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ. ಆ ಬಟನ್ ಎಲ್ಲಿದೆ ಅಂತ ಬಾಡಿಗೆ ಕೊಡುವವರ ಅಂಗಳದಲ್ಲೇ ತಿಳಿದುಕೊಳ್ಳಿ. ರಿವರ್ಸ್ ಅಭ್ಯಾಸಕ್ಕೆ ಭಾನುವಾರ ಖಾಲಿ ಮೈದಾನದಲ್ಲಿ ಎರಡು ಗಂಟೆ ಕೊಡಿ. ಬೇರೆ ವಾಹನದವರ ಜೊತೆ ಮಾತಾಡುವ ಯುಎಚ್‌ಎಫ್ ರೇಡಿಯೋ ಇದ್ದರೆ ಚಾನೆಲ್ 40 ಹಾಕಿಡಿ. ಲಾರಿಯವರು ಅದರಲ್ಲೇ ಮಾತಾಡುತ್ತಾರೆ.

ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಬೇಗ ಕತ್ತಲೆ. ಕಾಂಗರೂಗಳು ರಸ್ತೆಗೆ ಬರುವುದೂ ಅದೇ ಹೊತ್ತಿಗೆ. ನಾಲ್ಕು ಗಂಟೆಯೊಳಗೆ ಕ್ಯಾರವಾನ್ ಪಾರ್ಕ್ ಸೇರಿಬಿಡಿ. ಈಸ್ಟರ್ ದಿನಗಳು ಬರುವ ಹಾಗಿದ್ದರೆ ಈಗಲೇ ಜಾಗ ಕಾಯ್ದಿರಿಸಿ. ಇನ್ನು ವೈನ್ ರುಚಿ ನೋಡುವವರು ಸ್ಟಿಯರಿಂಗ್ ಮುಟ್ಟುವುದೇ ಬೇಡ. ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇಕಡಾ 0.05 ಇರಬಹುದು, ಆದರೆ ಹಿಂದೆ ಎರಡು ಟನ್ ಇರುತ್ತದೆ ಅಲ್ವಾ?

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಬರೊಸ್ಸಾ ಬಿಟ್ಟೆ. ಅಡುಗೆಗೆ ಏನು ಮಾಡಿದಿರಿ? ಅಮ್ಮ ಈಗಾಗಲೇ ತರಕಾರಿ ಪಟ್ಟಿ ಬರೆದಿದ್ದಾರೆ.

ಅಡಿಲೇಡ್‌ನಿಂದ ಒಬ್ಬರು

ಆ ಪಟ್ಟಿಯಲ್ಲಿ ಟೊಮೆಟೊ, ಹಸಿಮೆಣಸಿನಕಾಯಿ, ಬದನೆ, ಬಾಳೆಹಣ್ಣು ಇದ್ದರೆ ಗಡಿ ದಾಟಿಸಬೇಡಿ. ಹಣ್ಣುನೊಣ ಬರಬಾರದು ಅಂತ ಸೌತ್ ಆಸ್ಟ್ರೇಲಿಯಾ ಇಂಥವನ್ನು ಒಳಗೆ ಬಿಡುವುದಿಲ್ಲ, ದಂಡವೂ ಇದೆ. ಬೇಳೆ, ರವೆ, ಅವಲಕ್ಕಿ, ಸಾರಿನ ಪುಡಿ, ಹುಣಸೆಹಣ್ಣು ಧಾರಾಳವಾಗಿ ತನ್ನಿ. ಸಣ್ಣ ಊರುಗಳಲ್ಲಿ ಪಬ್‌ನ ಅಡುಗೆಮನೆ ರಾತ್ರಿ ಎಂಟಕ್ಕೇ ಮುಚ್ಚುವುದುಂಟು, ಸೋಮವಾರ ತೆರೆಯದಿರುವುದೂ ಉಂಟು. ಚಿಕ್ಕ ಕುಕ್ಕರ್ ಇಟ್ಟುಕೊಳ್ಳಿ. ಹೊರಡುವಾಗ ಗ್ಯಾಸ್ ಸಿಲಿಂಡರ್ ಮುಚ್ಚಿ.

ಕ್ಯಾಸ್ಟರ್ಟನ್ ಗಡಿಗೆ ಮುಂಚಿನ ಊರು. ಕುರಿ ಕಾಯುವ ಕೆಲ್ಪಿ ನಾಯಿಯ ತಳಿ ಹುಟ್ಟಿದ್ದು ಅಲ್ಲೇ. ನದಿ ಪಕ್ಕ ನಿಲ್ಲಿಸಿ, ಉಳಿದ ತರಕಾರಿ ಎಲ್ಲ ಹಾಕಿ ಅಮ್ಮನ ಕೈಯಲ್ಲಿ ಒಂದು ಬಿಸಿಬೇಳೆಬಾತ್ ಮಾಡಿಸಿಬಿಡಿ. ಪೆನೋಲಾದಲ್ಲಿ ಹೊಸ ತರಕಾರಿ ಸಿಗುತ್ತದೆ. ಅಲ್ಲಿ ಗಡಿಯಾರ ಅರ್ಧ ಗಂಟೆ ಹಿಂದೆ. ಅಂಗಡಿ ಮುಚ್ಚುವ ಮುಂಚೆ ತಲುಪಲು ಅದೂ ಅನುಕೂಲ.