ವೊಕೋಡರ್‌ನ ‘ಕ್ಯಾರಿಯರ್’ಗೆ ‘ವಾಹಕ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಾಡ್ಯುಲರ್ ಸಿಂಥಸೈಜರ್‌ನಲ್ಲಿ (ಬಿಡಿ ಭಾಗಗಳನ್ನು, ಅಂದರೆ ಮಾಡ್ಯೂಲ್‌ಗಳನ್ನು, ತಂತಿಗಳಿಂದ ಜೋಡಿಸಿ ದನಿ ಹುಟ್ಟಿಸುವ ವಾದ್ಯ) ವೊಕೋಡರ್ ಜೋಡಿಸುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವೊಕೋಡರ್ ಅಂದರೆ ವಾದ್ಯದ ದನಿಯೇ ಮಾತಾಡಿದಂತೆ ಕೇಳಿಸುವ ಸಾಧನ. ‘ಕ್ಯಾರಿಯರ್’, ‘ಮಾಡ್ಯುಲೇಟರ್’ ಎರಡಕ್ಕೂ ಒಪ್ಪುವ ಪದ ಬೇಕಾಗಿದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಹೇಳುತ್ತೇನೆ. ಅಲ್ಲಿ ಎರಡು ಫಿಲ್ಟರ್ ಸಾಲುಗಳಿರುತ್ತವೆ. (‘ಬ್ಯಾಂಕ್’ಗೆ ‘ಸಾಲು’ ಸಾಕು, ಅಲ್ವಾ?) ಒಂದು ಸಾಲಿಗೆ ಮಾತು ಹೋಗುತ್ತದೆ; ಇದೇ ಮಾಡ್ಯುಲೇಟರ್. ಪ್ರತಿ ಫಿಲ್ಟರೂ ತನ್ನ ಪಟ್ಟಿಯ (ಅಂದರೆ ತನಗೆ ಗೊತ್ತುಮಾಡಿದ ಆವರ್ತನಗಳ) ದನಿಯನ್ನಷ್ಟೇ ಬಿಡುತ್ತದೆ. ಆ ದನಿ ಎಷ್ಟು ಜೋರಾಗಿದೆ ಎಂದು ಎನ್ವಲಪ್ ಫಾಲೋವರ್ ಅಳೆದು, ಅದಕ್ಕೆ ತಕ್ಕ ವೋಲ್ಟೇಜ್ ಕೊಡುತ್ತದೆ. ಇನ್ನೊಂದು ಸಾಲಿಗೆ ಆಸಿಲೇಟರ್‌ನ (ದನಿ ಹುಟ್ಟಿಸುವ ಮಾಡ್ಯೂಲ್‌ನ) ಗರಗಸದ ಅಲೆ ಹೋಗುತ್ತದೆ; ಇದೇ ಕ್ಯಾರಿಯರ್. ಅಲ್ಲಿನ ಪಟ್ಟಿಗಳನ್ನು ಆ ವೋಲ್ಟೇಜ್‌ಗಳು ವಿಸಿಎ (ವೋಲ್ಟೇಜ್‌ಗೆ ತಕ್ಕಂತೆ ದನಿಯ ಜೋರು ಬದಲಿಸುವ ಆಂಪ್ಲಿಫೈಯರ್) ಮೂಲಕ ಏರಿಸಿ ಇಳಿಸುತ್ತವೆ. ಡೋಪ್ಫರ್ ಕಂಪನಿಯ ಎ-129 ವೊಕೋಡರ್‌ನಲ್ಲಿ ಈ ಎರಡು ಸಾಲುಗಳು ಬೇರೆ ಬೇರೆ ಮಾಡ್ಯೂಲ್. ಹಾಗಾಗಿ ಕೆಳಗಿನ ಪಟ್ಟಿಯ ವೋಲ್ಟೇಜನ್ನು ಮೇಲಿನ ಪಟ್ಟಿಗೆ ಕೊಟ್ಟು ಆಟವಾಡಬಹುದು. ಮಾತಿನ ಲಯ ಉಳಿಯುತ್ತದೆ, ‘ಅ’, ‘ಇ’ಯಂಥ ಸ್ವರಗಳು ಕಲೆಸಿಹೋಗುತ್ತವೆ. ಕೇಳಲು ಬಹಳ ಚೆನ್ನಾಗಿರುತ್ತದೆ.

ಅಂದರೆ ಮಾತು ಕಿವಿಗೆ ಬೀಳುವುದೇ ಇಲ್ಲ. ಅದರ ಅಳತೆಯಷ್ಟೇ ದಾಟುತ್ತದೆ. ಕೇಳಿಸುವುದು ಕ್ಯಾರಿಯರ್.

‘ವಾಹಕ’ ಒಪ್ಪದಿರುವುದು ಇದಕ್ಕೇ. ರೇಡಿಯೊದಲ್ಲಿ ವಾಹಕ ಅಲೆ ಮಾತನ್ನು ಹೊತ್ತು ತರುತ್ತದೆ, ರಿಸೀವರ್ ಅಲೆಯನ್ನು ಬಿಟ್ಟು ಮಾತನ್ನು ಕೇಳಿಸುತ್ತದೆ. ಇಲ್ಲಿ ಪೂರಾ ತಿರುಗುಮುರುಗು. ಸಾಲದ್ದಕ್ಕೆ ಶಾಲೆಯ ಪುಸ್ತಕದಲ್ಲಿ ತಾಮ್ರವೂ ‘ವಾಹಕ’ವೇ. ತಂತಿಗಳ ಬಗ್ಗೆಯೂ ಬರೆಯುವಾಗ ಇದರಿಂದ ಗೊಂದಲ ಜಾಸ್ತಿ. ‘ಮೂಲದನಿ’ ಅಂದರೆ ಓದುವವರು ಮಾತನ್ನೇ ಮೂಲ ಅಂದುಕೊಳ್ಳುತ್ತಾರೆ.

ಒಂದು ಕಡೆ ಮಾತ್ರ ನಮ್ಮ ವ್ಯಾಕರಣ ಸೊಗಸಾಗಿ ಕೈಹಿಡಿಯಿತು. ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ಅವರ ವೊಕೋಡರ್‌ಗೆ 1939ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಸ್ವರಗಳಿಗೆ ಗುಂಯ್‌ಗುಡುವ ಮೂಲ, ‘ಸ’, ‘ಶ’ಗಳಿಗೆ ಸುಯ್‌ಗುಡುವ ಗದ್ದಲ. ಈಗಿನ ವೊಕೋಡರ್‌ಗಳಲ್ಲೂ ಇವೆರಡರ ನಡುವೆ ಬದಲಿಸುವ ಭಾಗ ಇರುವುದುಂಟು. ಗರಗಸದ ಅಲೆಯಲ್ಲಿ ಮೇಲಿನ ಪಟ್ಟಿಗಳು ಸೊರಗಿರುವುದರಿಂದ, ಆ ಗದ್ದಲ ಇಲ್ಲದಿದ್ದರೆ ‘ಸ’ ಸತ್ತೇಹೋಗುತ್ತದೆ. ಆ ಭಾಗವನ್ನು ‘ಘೋಷ–ಅಘೋಷ ಗುರುತಿಸುವ ಮಾಡ್ಯೂಲ್’ ಎಂದು ಬರೆದೆ. ಹೊಸ ಪದವೇ ಬೇಕಾಗಲಿಲ್ಲ.

ಸದ್ಯಕ್ಕೆ ಕ್ಯಾರಿಯರ್‌ಗೆ ‘ಒಡಲದನಿ’, ಮಾಡ್ಯುಲೇಟರ್‌ಗೆ ‘ತಿದ್ದುವ ದನಿ’ ಎಂದಿಟ್ಟುಕೊಂಡಿದ್ದೇನೆ. ಕೇಳಿಸುವುದು ಯಾವುದು, ಅದರ ರೂಪ ತಿದ್ದುವುದು ಯಾವುದು ಎಂದು ಹೆಸರಲ್ಲೇ ಗೊತ್ತಾಗಲಿ ಎಂಬ ಆಸೆ. ‘ತಿದ್ದುವ’ ಅಂದಾಗ ತಪ್ಪು ಸರಿಪಡಿಸುವ ಅರ್ಥವೇ ನಿಮಗೆ ಮೊದಲು ಬರುತ್ತದೆಯೇ? ದನಿಯ ಕೆಲಸದಲ್ಲಿರುವವರು ಇವಕ್ಕೆ ಬಾಯಿಮಾತಿನಲ್ಲಿ ಬೇರೆ ಏನಾದರೂ ಅನ್ನುತ್ತೀರಾ?