ಸಹಾಯ ಬೇಕು: ಮಂಜುಗಡ್ಡೆ ಕರಗುವ ಸದ್ದನ್ನು ರಂಗದ ಮೇಲೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಾವು ಒಂಬತ್ತು ಜನ ಸೇರಿ ಒಂದು ನಾಟಕ ಕಟ್ಟುತ್ತಿದ್ದೇವೆ. ಮಾತಿಲ್ಲ, ಪೂರ್ತಿ ಹಾಡು. ಒಪೆರಾ ಅಂತಾರಲ್ಲ, ಆ ಥರ, ಆದರೆ ಹಾರ್ಮೋನಿಯಂ ಇಟ್ಟುಕೊಂಡು. ಕಥೆ ನಡೆಯುವುದು ಅಂಟಾರ್ಕ್ಟಿಕಾದಲ್ಲಿ, 1989ರಲ್ಲಿ ಶುರುವಾದ ನಮ್ಮ ದೇಶದ ಮೈತ್ರಿ ಸಂಶೋಧನಾ ಕೇಂದ್ರದಲ್ಲಿ.

ಅಲ್ಲಿನ ಹಿಮ ಕೊರೆದು ತೆಗೆದರೆ ಒಳಗೆ ಹಳೇ ಕಾಲದ ಗಾಳಿಯ ಗುಳ್ಳೆಗಳು ಸಿಗುತ್ತವೆ. ಡೋಮ್ ಸಿ ಎಂಬಲ್ಲಿ ಯುರೋಪಿನವರು ಕೊರೆದ ಹಿಮದಲ್ಲಿ ಸುಮಾರು 8 ಲಕ್ಷ ವರ್ಷ ಹಿಂದಿನ ಗಾಳಿ ಇತ್ತು! ಆ ಗಡ್ಡೆ ನೀರಲ್ಲಿ ಕರಗುವಾಗ ಗುಳ್ಳೆ ಒಡೆದು ಚಟಚಟ ಅನ್ನುತ್ತದೆ. ನಮಗೆ ಬೇಕಿರುವುದು ಆ ಸದ್ದು. ಸಾಸಿವೆ ಸಿಡಿಸಿ ನೋಡಿದೆವು, ಒಗ್ಗರಣೆ ಹಾಕಿದ ಹಾಗೇ ಕೇಳಿಸಿತು. ಮಂಡಕ್ಕಿಗೆ ನೀರು ಚಿಮುಕಿಸಿದ್ದು ಸ್ವಲ್ಪ ಹತ್ತಿರ, ಆದರೆ ಹಿಂದಿನ ಸಾಲಿಗೆ ಕೇಳುವುದಿಲ್ಲ. ಘಟ, ಖಂಜಿರ ನುಡಿಸುವವರು ಇದ್ದರೆ ದಯವಿಟ್ಟು ಬನ್ನಿ.

ಇನ್ನೊಂದು ಕೋರಿಕೆ. ಕೊನೆ ದೃಶ್ಯ ನಮ್ಮೂರಿನದೇ, ಕಾಫಿ ಹೂ ಅರಳಿಸುವ ಮಳೆಗೆ ಕಾಯುವ ಬೆಳೆಗಾರ. ಅಲ್ಲಿ ಹಿಮ ಕರಗಿದ್ದಕ್ಕೇ ಇಲ್ಲಿ ಮಳೆ ತಪ್ಪಿತು ಎಂದು ಮೊದಲು ಬರೆದಿದ್ದೆ. ವಿಷಯ ಅಷ್ಟು ಸಲೀಸಲ್ಲ ಅಲ್ವಾ, ಸುಮ್ನೆ ಪ್ರಾಸಕ್ಕೆ ಬರೆದದ್ದು, ಹೊಡೆದುಹಾಕಿದೆ. ಹವಾಮಾನ ಓದಿದವರು ಯಾರಾದರೂ ಆ ದೃಶ್ಯ ಒಮ್ಮೆ ನೋಡಿಕೊಡುತ್ತೀರಾ? ಅಂಟಾರ್ಕ್ಟಿಕಾದಲ್ಲಿ ಚಳಿಗಾಲ ಕಳೆದು ಬಂದವರ ಪರಿಚಯ ಇದ್ದರಂತೂ ಬಿಡಲೇಬೇಡಿ. ತಿಂಗಳುಗಟ್ಟಲೆ ಕತ್ತಲಲ್ಲಿ ಅವರು ಏನು ಹಾಡಿಕೊಳ್ಳುತ್ತಿದ್ದರು ಎಂದು ಕೇಳಬೇಕು.

ದುಡ್ಡು ಜಾಸ್ತಿ ಇಲ್ಲ. ಭಾನುವಾರ ಸಂಜೆ ಅಭ್ಯಾಸ, ಕಾಫಿ ನಮ್ಮದು. ಕೆಳಗೆ ಬರೆದು ತಿಳಿಸಿ.